ಮಂಚದಿಂದ ಅಂಗಳಕ್ಕೆ ಎಷ್ಟು ಹೆಜ್ಜೆ?

ಸೊಂಟದ ಆಪರೇಷನ್ ಮಾಡಿಸಿಕೊಂಡು ದೊಡ್ಡಪ್ಪ ಹೊನ್ನಾಳಿಗೆ ಮರಳಿದಾಗ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಹೆಂಗದೀರಿ?" ಅವರ ಉತ್ತರವೂ ಒಂದೇ: "ಆರಾಮ್ ಅದೀನಿ." ಮೂರು ವಾರ ಕಳೆದರೂ ಮಂಚ, ಬಚ್ಚಲು, ಪಡಸಾಲೆ ಬಿಟ್ಟು ಅವರು ಆಚೆ ಕಾಲಿಟ್ಟಿರಲಿಲ್ಲ. ಹಾಗಂತ ಅವರ ಮಾತು ಸುಳ್ಳಲ್ಲ. ಕಾಲಿಗೆ ಇಳಿಯುತ್ತಿದ್ದ ನೋವು ನಿಜಕ್ಕೂ ಹೋಗಿತ್ತು. ನೋವು ಹೋಗುವುದು ಬೇರೆ, ನಡಿಗೆ ಬರುವುದು ಬೇರೆ ಎಂಬುದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅವರಿಗಿದ್ದದ್ದು ಬೆನ್ನುಮೂಳೆಯೊಳಗಿನ ನಾಳ ಸೊಂಟದ ಹತ್ತಿರ ಕಿರಿದಾಗುವ ತೊಂದರೆ. ವಯಸ್ಸಾದಂತೆ ಡಿಸ್ಕ್ ಉಬ್ಬುತ್ತದೆ, ಮೂಳೆಗಳನ್ನು ಬಿಗಿದಿರುವ ಕಟ್ಟುನಾರು ದಪ್ಪಗಾಗುತ್ತದೆ, ಕಾಲಿಗೆ ಹೋಗುವ ನರಗಳು ಇಕ್ಕಟ್ಟಿಗೆ ಸಿಗುತ್ತವೆ. ನೆಟ್ಟಗೆ ನಡೆದರೆ ನಾಳ ಇನ್ನೂ ಕಿರಿದಾಗಿ ಕಾಲು ಜೋಮು ಹಿಡಿಯುತ್ತದೆ. ಮುಂದಕ್ಕೆ ಬಾಗಿದರೆ ಸಡಿಲವಾಗುತ್ತದೆ. ಸಂತೆಯವರೆಗೆ ನಡೆಯಲಾರದ ದೊಡ್ಡಪ್ಪ ಹ್ಯಾಂಡಲ್ ಮೇಲೆ ಬಾಗಿ ಸೈಕಲ್ ತುಳಿದುಕೊಂಡು ಅಡಿಕೆ ತೋಟಕ್ಕೆ ಹೋಗಿಬರುತ್ತಿದ್ದುದು ಇದರಿಂದಲೇ. ಹೀಗೆ ವರ್ಷಗಟ್ಟಲೆ ಕಳೆದವರ ತೊಡೆ, ಮೀನಖಂಡ ಸೊರಗಿರುತ್ತವೆ. ನಾಲ್ಕು ಹೆಜ್ಜೆಗೊಮ್ಮೆ ಕೂರುವುದು ರೂಢಿಯಾಗಿರುತ್ತದೆ. ನರದ ಇಕ್ಕಟ್ಟನ್ನು ಸರ್ಜನ್ ಒಂದು ದಿನದಲ್ಲಿ ಬಿಡಿಸುತ್ತಾರೆ, ಈ ರೂಢಿಯನ್ನು ಬಿಡಿಸಲಾರರು.

ಚೇತರಿಕೆ ಅಳೆಯಲು ಡಾಕ್ಟರುಗಳು ಬಹುಕಾಲ ನೆಚ್ಚಿಕೊಂಡದ್ದು ಪ್ರಶ್ನಾವಳಿಯನ್ನು. ಇಂಗ್ಲೆಂಡಿನ ಆಸ್ವೆಸ್ಟ್ರಿ ಊರಿನ ಹೆಸರು ಹೊತ್ತ, 1980ರಲ್ಲಿ ಪ್ರಕಟವಾದ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ 10 ವಿಭಾಗಗಳಿವೆ, ಒಂದೊಂದಕ್ಕೂ 0ಯಿಂದ 5 ಅಂಕ. ನಡಿಗೆಯೂ ಅದರಲ್ಲೊಂದು: ಎಷ್ಟು ದೂರ ನಡೆದರೆ ನೋವು ತಡೆಯುತ್ತದೆ ಎಂದು ಮೈಲಿಯ ಲೆಕ್ಕದಲ್ಲಿ ಕೇಳುತ್ತದೆ. ಒಳ್ಳೆಯ ಪ್ರಶ್ನೆಯೇ. ಆದರೆ ಮನೆಯಿಂದಾಚೆ ಹೋಗದವರು ಅಂದಾಜಿನ ಮೇಲೆ ತಾನೇ ಹೇಳಬೇಕು?

ಆ ಅಂದಾಜಿನ ಜಾಗಕ್ಕೆ ಬಂದದ್ದು ಅಕ್ಸೆಲೆರೋಮೀಟರ್. ನಿಮ್ಮ ಫೋನಿನಲ್ಲೂ ಇದೆ. ಕೂದಲಿಗಿಂತ ತೆಳುವಾದ ಸಿಲಿಕಾನ್ ಎಳೆಗಳಿಗೆ ಅಂಟಿದ ಪುಟ್ಟ ತೂಕವೊಂದು ಮೈ ಅಲುಗಿದಾಗ ಅಲುಗುತ್ತದೆ. ಆ ಅಲುಗಾಟ ವಿದ್ಯುತ್ ಸಂಕೇತವಾಗುತ್ತದೆ. ಪಾದ ನೆಲ ಮುಟ್ಟಿದಾಗಲೆಲ್ಲ ಅಲೆಯೊಂದು ಏಳುತ್ತದೆ. ಅಲೆಗಳನ್ನು ಎಣಿಸಿದರೆ ಹೆಜ್ಜೆಯ ಲೆಕ್ಕ ಸಿಕ್ಕಿತು. ಇದನ್ನೇ ತೊಡೆಗೆ ಅಂಟಿಸಿದರೆ ಗುರುತ್ವದ ದಿಕ್ಕಿನಿಂದ ತೊಡೆ ನೆಟ್ಟಗಿದೆಯೋ ಅಡ್ಡಲಾಗಿದೆಯೋ ಗೊತ್ತಾಗುತ್ತದೆ. ನಿಂತದ್ದೆಷ್ಟು, ಕೂತದ್ದೆಷ್ಟು ಎಂಬುದೂ ದಾಖಲಾಗುತ್ತದೆ. (ತೋಟದಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವ ಹೆಂಗಸಿನ ದುಡಿಮೆ ಮಾತ್ರ ಅದಕ್ಕೆ ಬರೀ ಕೂತಂತೆ ಕಂಡೀತು!)

ಆಪರೇಷನ್ ಆದವರಿಗೆ ಇಂಥ ಸಾಧನ ಕಟ್ಟಿ ನೋಡಿದ ಅಧ್ಯಯನಗಳಲ್ಲಿ ಮತ್ತೆಮತ್ತೆ ಕಂಡದ್ದು ನಮ್ಮ ಪಡಸಾಲೆಯ ಕಥೆಯೇ: ನೋವಿನ ಅಂಕ ಇಳಿದಷ್ಟು ಬೇಗ ಹೆಜ್ಜೆಯ ಸಂಖ್ಯೆ ಏರುವುದಿಲ್ಲ.

ಆದರೆ ಯಂತ್ರ ಎಡವುವುದೂ ಇಂಥವರ ಬಳಿಯೇ. ಕಾಲೆಳೆದು ನಿಧಾನಕ್ಕೆ ನಡೆದರೆ ಅಲೆ ತೀರಾ ಚಿಕ್ಕದು, ಎಣಿಕೆ ತಪ್ಪುತ್ತದೆ. ವಾಕರ್ ಹಿಡಿದ ಕೈ ಬೀಸುವುದಿಲ್ಲವಾದ್ದರಿಂದ ಕೈಗಡಿಯಾರಕ್ಕೂ ಹೆಜ್ಜೆ ತಿಳಿಯದು. ದೊಡ್ಡಪ್ಪನ ಫೋನಂತೂ ದಿನವಿಡೀ ಟೀವಿ ಸ್ಟ್ಯಾಂಡ್ ಮೇಲೆ. ಇನ್ನು 10,000 ಹೆಜ್ಜೆಯ ಗುರಿ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ ಬಂದದ್ದು. ಹೊಲಿಗೆ ಬಿಚ್ಚಿಸಿಕೊಂಡು ಬಂದವರಿಗೆ ಹೇಳಿದ್ದಲ್ಲ. ಅವರು ಹೋಲಿಸಿಕೊಳ್ಳಬೇಕಾದ್ದು ತಮ್ಮದೇ ಹೋದ ವಾರದ ನಡಿಗೆಯೊಂದಿಗೆ.

ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ದಾರಿ ಸುಲಭದ್ದಿತ್ತು. ಅಂಗಳವನ್ನು ಟೇಪಿನಲ್ಲಿ ಅಳೆದೆವು: ಬಾಗಿಲಿಂದ ತೆಂಗಿನ ಮರಕ್ಕೆ 10 ಮೀಟರ್. ಹೋಗಿ ಬಂದರೆ ಒಂದು ಸುತ್ತು. ಎಷ್ಟು ಸುತ್ತು, ಎಷ್ಟು ನಿಮಿಷ, ಜೋಮು ಎಲ್ಲಿ ಹಿಡಿಯಿತು ಎಂಬುದನ್ನು ಗೋಡೆಯ ಕ್ಯಾಲೆಂಡರಿನ ಮನೆಯೊಳಗೆ ದೊಡ್ಡಮ್ಮ ಬರೆದರು. ಎಷ್ಟು ನಡೆಯಬೇಕು ಎಂಬುದು ಆಪರೇಷನ್ ಮಾಡಿದ ಡಾಕ್ಟರು ಹೇಳಿದಷ್ಟೇ. ಪಾದ ಎತ್ತಲಾಗದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ, ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯತೊಡಗಿದರೆ ಲೆಕ್ಕ ಬದಿಗಿಟ್ಟು ಆಸ್ಪತ್ರೆಗೆ ಓಡಬೇಕು.

ಮುಂದಿನ ತಪಾಸಣೆಗೆ ಆ ಹಾಳೆಯನ್ನೇ ಹರಿದು ಒಯ್ದೆವು. ಡಾಕ್ಟರು ಏರುತ್ತ ಹೋದ ಸಂಖ್ಯೆಗಳ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದರು. "ಈ ಎರಡು ದಿನ ಯಾಕೆ ಇಷ್ಟು ಕಡಿಮೆ? ನೋವು ಬಂತಾ?"

"ಇಲ್ಲ ಸಾರ್, ಮಳೆ. ಅಂಗಳ ಜಾರ್ತಿತ್ತು."