ಕೋಡ್ ಬರೆಯುವುದೂ ಅದನ್ನು ಅರಿಯುವುದೂ

ಗಣಕಯಂತ್ರಕ್ಕೆ ಕೆಲಸವನ್ನು ವಿಧಿಸುವ ಆಜ್ಞೆಗಳ ಸರಣಿಗೆ ಪ್ರೋಗ್ರಾಮ್ ಎಂದೂ, ಆ ಆಜ್ಞೆಗಳ ಲಿಖಿತ ರೂಪಕ್ಕೆ ಕೋಡ್ ಎಂದೂ ಹೆಸರು. ಕನ್ನಡದಲ್ಲಿ ಗಣಿತವನ್ನು ಕಲಿತ ತರುಣ ತರುಣಿಯರೂ ಇಂದು ಈ ಉದ್ಯೋಗವನ್ನು ಹಿಡಿಯುತ್ತಿರುವುದು ಸಂತೋಷದ ಸಂಗತಿ. ಆದರೆ ಈ ವಿದ್ಯೆಯಲ್ಲಿ ಹೊಸಬರನ್ನು ಕಾಡುವ ಅಪಾಯವೊಂದುಂಟು. ಬರೆದ ಕೋಡ್ ನಡೆದರೆ ಸಾಕು, ಅದು ಏಕೆ ನಡೆಯಿತೆಂದು ತಿಳಿಯದಿದ್ದರೂ ಬಾಧಕವಿಲ್ಲ ಎಂಬ ಭಾವನೆಯೇ ಆ ಅಪಾಯ. ಅನ್ಯರು ಬರೆದುದನ್ನು ಎತ್ತಿ ಸೇರಿಸಿಕೊಳ್ಳುವ ರೂಢಿ ಹಿಂದಿನಿಂದಲೂ ಇದ್ದಿತು. ಈಗಲಂತೂ ಕೃತಕ ಬುದ್ಧಿಮತ್ತೆಯ ಉಪಕರಣಗಳು ಕೇಳಿದೊಡನೆಯೇ ಪುಟಗಟ್ಟಲೆ ಕೋಡನ್ನು ಬರೆದುಕೊಡುತ್ತವೆ. ಅರ್ಥವರಿಯದೆ ಪದ್ಯವನ್ನು ಉರುಹೊಡೆದ ಬಾಲಕನು ನಡುವೆ ತಡೆದು ಪ್ರಶ್ನಿಸಿದರೆ ತಬ್ಬಿಬ್ಬಾಗುವಂತೆ, ಅರಿಯದೆ ಕೋಡ್ ಬರೆದವನು ಅದರಲ್ಲಿ ದೋಷ ಕಂಡೊಡನೆ ದಿಕ್ಕುಗಾಣದೆ ನಿಲ್ಲುತ್ತಾನೆ.

ಇದನ್ನು ಒಂದು ದೃಷ್ಟಾಂತದಿಂದ ವಿಶದಪಡಿಸಬಹುದು. ನಿಘಂಟಿನಲ್ಲಿ ಒಂದು ಶಬ್ದವನ್ನು ಹುಡುಕುವಾಗ ನಾವು ಮೊದಲಿನಿಂದ ಒಂದೊಂದೇ ಪುಟವನ್ನು ಮಗುಚುವುದಿಲ್ಲ. ನಡುವೆ ತೆರೆದು, ಬೇಕಾದ ಶಬ್ದವು ಹಿಂದಿದೆಯೋ ಮುಂದಿದೆಯೋ ಎಂದು ನೋಡಿ, ಒಂದು ಭಾಗವನ್ನು ಬಿಟ್ಟು ಇನ್ನೊಂದರಲ್ಲಿ ಅರಸುತ್ತೇವೆ. ಗಣಕಶಾಸ್ತ್ರದಲ್ಲಿ ಇದಕ್ಕೆ ಬೈನರಿ ಸರ್ಚ್ ಎಂದು ಹೆಸರು. ಏರಿಕೆಯ ಕ್ರಮದಲ್ಲಿ ಜೋಡಿಸಿದ 1000 ಸಂಖ್ಯೆಗಳಲ್ಲಿ ಒಂದನ್ನು ಹುಡುಕಲು ಹೆಚ್ಚೆಂದರೆ 10 ಸಲ ನೋಡಿದರೆ ಸಾಕು. ಕೇಳಲು ಇಷ್ಟು ಸುಲಭವಾದ ಈ ಕೆಲಸವನ್ನು ಅಮೆರಿಕದ ಜಾನ್ ಬೆಂಟ್ಲಿ ಎಂಬ ಗಣಕತಜ್ಞರು ವೃತ್ತಿನಿರತ ಪ್ರೋಗ್ರಾಮರುಗಳಿಗೆ ಕೊಟ್ಟು ನೋಡಿದರು. ನೂರಕ್ಕೆ ಸುಮಾರು 90 ಮಂದಿಯ ಬರಹದಲ್ಲಿ ತಪ್ಪುಗಳಿದ್ದುವೆಂದು 1986ರಲ್ಲಿ ಪ್ರಕಟವಾದ ತಮ್ಮ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಗ್ರಂಥದಲ್ಲಿ ಅವರು ಹೇಳಿದ್ದಾರೆ.

ಇಂತಹ ತಪ್ಪು ಹೇಗೆ ಅಡಗಿರುತ್ತದೆ? 12, 19, 25, 31, 44, 58, 63 ಎಂಬ ಏಳು ಸಂಖ್ಯೆಗಳಿವೆಯೆಂದು ಇಟ್ಟುಕೊಳ್ಳೋಣ. ‘ಆರಂಭ’ 1, ‘ಅಂತ್ಯ’ 7. ಇವೆರಡನ್ನೂ ಕೂಡಿಸಿ, ಎರಡರಿಂದ ಭಾಗಿಸಿ, ಶೇಷವನ್ನು ಬಿಟ್ಟರೆ ನಡುವಿನ ಸ್ಥಾನ ದೊರೆಯುತ್ತದೆ. ಅಲ್ಲಿರುವ ಸಂಖ್ಯೆಯು ಬೇಕಾದುದಕ್ಕಿಂತ ಚಿಕ್ಕದಾದರೆ, ಆರಂಭವನ್ನು ಅದರ ಮುಂದಿನ ಸ್ಥಾನಕ್ಕೆ ಸರಿಸಬೇಕು. ಹೊಸಬನೊಬ್ಬನು ಮುಂದಿನ ಸ್ಥಾನಕ್ಕೆ ಬದಲಾಗಿ ನಡುವಿನ ಸ್ಥಾನಕ್ಕೇ ಸರಿಸಿದನೆನ್ನೋಣ. ಈಗ 58ನ್ನು ಹುಡುಕಿದರೆ ನಡುವಿನ ಸ್ಥಾನ ಕ್ರಮವಾಗಿ 4, 5, 6 ಆಗುತ್ತದೆ. ಆರನೆಯ ಸ್ಥಾನದಲ್ಲಿ 58 ಸಿಕ್ಕಿಯೇ ಬಿಡುತ್ತದೆ. ಕೋಡ್ ಸರಿಯಾಗಿದೆಯೆಂದು ಅವನು ಹಿಗ್ಗುತ್ತಾನೆ. ಆದರೆ 63ನ್ನು ಹುಡುಕಿದರೋ? ಆರಂಭವು 6ಕ್ಕೆ ಬಂದ ಬಳಿಕ, 6 ಮತ್ತು 7ನ್ನು ಕೂಡಿಸಿ ಭಾಗಿಸಿದಾಗ ಮರಳಿ 6ೇ ಬರುತ್ತದೆ, ಮತ್ತೆಯೂ 6. ಗಾಣದೆತ್ತಿನಂತೆ ಯಂತ್ರವು ಸುತ್ತುತ್ತಲೇ ಇರುತ್ತದೆ. ಒಂದು ಸಲ ಸರಿಯುತ್ತರ ಬಂದುದು ಅರಿವಿಗೆ ಪ್ರಮಾಣವಲ್ಲವೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಹಿರಿಯರು ಕಿರಿಯರಿಗೆ ಹೇಗೆ ನೆರವಾಗಬೇಕು? ಮೊದಲನೆಯದಾಗಿ, ಯಂತ್ರವನ್ನು ಮುಟ್ಟುವ ಮುನ್ನ ಕಾಗದದ ಮೇಲೆ ಪ್ರತಿಯೊಂದು ಹೆಜ್ಜೆಯ ಬೆಲೆಗಳನ್ನೂ ಬರೆಯಿಸಬೇಕು. ತರಗತಿಗಳಲ್ಲಿ ಡ್ರೈ ರನ್ ಎಂದು ಕರೆಯುವ ಅಭ್ಯಾಸವಿದೇ. ಮೇಲಿನ ತಪ್ಪು ಹೊರಬಿದ್ದುದು ಇದರಿಂದಲೇ. ಎರಡನೆಯದಾಗಿ, ಉತ್ತರವೇನು ಬರುವುದೆಂದು ಮೊದಲೇ ಹೇಳಿಸಿ, ಅನಂತರ ಕೋಡನ್ನು ನಡೆಯಿಸಬೇಕು. ಎಣಿಸಿದುದಕ್ಕೂ ಬಂದುದಕ್ಕೂ ಭೇದ ಕಂಡಲ್ಲಿಯೇ ಕಲಿಕೆಗೆ ಅವಕಾಶ. ಮೂರನೆಯದಾಗಿ, ಅಂಚಿನ ಪ್ರಸಂಗಗಳನ್ನು ವಿಚಾರಿಸಬೇಕು: ಪಟ್ಟಿ ಬರಿದಾಗಿದ್ದರೇನು? ಒಂದೇ ಸಂಖ್ಯೆಯಿದ್ದರೇನು? ಹುಡುಕುವ ಸಂಖ್ಯೆ ಪಟ್ಟಿಯಲ್ಲಿ ಇಲ್ಲದಿದ್ದರೇನು? ನಾಲ್ಕನೆಯದಾಗಿ, ಪ್ರತಿಯೊಂದು ಸಾಲೂ ಏಕೆ ಬೇಕೆಂಬುದನ್ನು ಬಾಯಿಬಿಟ್ಟು ವಿವರಿಸಲು ಹೇಳಬೇಕು. ಕೋಡಿನ ಶಬ್ದಗಳು ಇಂಗ್ಲಿಷಿನವಾದರೂ ಅದರ ತರ್ಕವು ಯಾವ ಭಾಷೆಯ ಸೊತ್ತೂ ಅಲ್ಲ. ಕನ್ನಡದಲ್ಲಿ ಆಲೋಚಿಸುವವನು ಕನ್ನಡದಲ್ಲಿಯೇ ವಿವರಿಸಲಿ. ಇಂಗ್ಲಿಷ್ ಶಬ್ದಗಳ ಮರೆಯಲ್ಲಿ ಅಡಗಿದ್ದ ಸಂದೇಹವು ಆಗ ತಾನಾಗಿಯೇ ತಲೆಯೆತ್ತುವುದು.

ಇಲ್ಲಿ ಹಿರಿಯರಿಗೂ ಸಂಯಮ ಅವಶ್ಯ. ಕಿರಿಯನು ತಡವರಿಸಿದೊಡನೆ ಕೀಲಿಮಣೆಯನ್ನು ತಮ್ಮತ್ತ ಎಳೆದುಕೊಂಡು ತಿದ್ದಿಬಿಟ್ಟರೆ ಕೆಲಸವೇನೋ ಮುಗಿಯುತ್ತದೆ. ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ‘ಈ ಸಾಲನ್ನು ತೆಗೆದರೆ ಏನಾದೀತು?’ ಎಂಬ ಒಂದು ಪ್ರಶ್ನೆಯು ಹತ್ತು ತಿದ್ದುಪಡಿಗಳಿಗಿಂತ ಹೆಚ್ಚು ಫಲಕಾರಿ. ಉಪಕರಣಗಳು ಬರೆದುಕೊಟ್ಟ ಕೋಡಿಗೂ ಈ ಪರೀಕ್ಷೆಯೇ ಸಲ್ಲಬೇಕು. ಅವುಗಳ ನೆರವು ತ್ಯಾಜ್ಯವಲ್ಲ. ವಿವರಿಸಲಾರದ ಸಾಲನ್ನು ತನ್ನದೆಂದು ಒಪ್ಪಿಸುವುದು ಮಾತ್ರ ತ್ಯಾಜ್ಯ.

ಇಷ್ಟು ಎಚ್ಚರವಹಿಸಿದರೂ ಅರಿವು ಪೂರ್ಣವಾಯಿತೆಂದು ಬೀಗುವಂತಿಲ್ಲ. ಜಾವಾ ಭಾಷೆಯ ಗ್ರಂಥಾಲಯದಲ್ಲಿ ಇದೇ ಬೈನರಿ ಸರ್ಚನ್ನು ಬರೆದಿದ್ದ ಜೋಶುವಾ ಬ್ಲಾಕ್ ಅವರು, ಅದರಲ್ಲಿ ವರ್ಷಗಟ್ಟಲೆ ಅಡಗಿದ್ದ ದೋಷವೊಂದನ್ನು 2006ರಲ್ಲಿ ತಾವೇ ಬಹಿರಂಗಪಡಿಸಿದರು. ಆರಂಭ ಮತ್ತು ಅಂತ್ಯಗಳನ್ನು ಕೂಡಿಸಿದಾಗ ಮೊತ್ತವು 214,74,83,647ನ್ನು ಮೀರಿದರೆ, 32 ಬಿಟ್ಟುಗಳ ಸ್ಥಳದಲ್ಲಿ ಅದು ಹಿಡಿಸದೆ ಋಣಸಂಖ್ಯೆಯಾಗಿ ಬಿಡುತ್ತಿತ್ತು. ಪಟ್ಟಿಗಳು ಚಿಕ್ಕವಾಗಿದ್ದಷ್ಟು ಕಾಲ ಅದು ಯಾರಿಗೂ ಕಾಣಿಸಲಿಲ್ಲ. ಅಂತ್ಯದಲ್ಲಿ ಆರಂಭವನ್ನು ಕಳೆದು, ಅದರ ಅರ್ಧವನ್ನು ಆರಂಭಕ್ಕೆ ಕೂಡಿಸುವುದೇ ಅದಕ್ಕೆ ಪರಿಹಾರ.

ಡೆನ್ಮಾರ್ಕಿನ ಪೀಟರ್ ನೌರ್ ಅವರು 1985ರ ಲೇಖನವೊಂದರಲ್ಲಿ, ಪ್ರೋಗ್ರಾಮಿನ ನಿಜವಾದ ಜೀವವು ಕಾಗದದ ಮೇಲಿನ ಅಕ್ಷರಗಳಲ್ಲಿಲ್ಲ, ಅದನ್ನು ರಚಿಸಿದವರ ತಿಳಿವಳಿಕೆಯಲ್ಲಿದೆ ಎಂಬರ್ಥದ ವಿಚಾರವನ್ನು ಮಂಡಿಸಿದರು. ಆ ತಿಳಿವಳಿಕೆ ಅಳಿದರೆ, ಮುಂದೆ ತಿದ್ದಬಲ್ಲವರಿಲ್ಲದೆ ಪ್ರೋಗ್ರಾಮು ಜಡವಾಗುತ್ತದೆ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ರೈಲಿನ ಟಿಕೇಟುಗಳೆಲ್ಲವೂ ಇಂದು ಕೋಡನ್ನೇ ನಂಬಿಕೊಂಡಿವೆ. ಆದುದರಿಂದ ಈ ವೃತ್ತಿಗೆ ಕಾಲಿಡುವ ನಮ್ಮ ಮಕ್ಕಳು ‘ನಡೆಯಿತೇ?’ ಎಂದು ಕೇಳಿದ ಮೇಲೆ, ‘ಏಕೆ ನಡೆಯಿತು?’ ಎಂದೂ ಕೇಳುವ ಅಭ್ಯಾಸವನ್ನು ಶಾಲೆಯ ಗಣಿತದ ಬೆಂಚಿನಿಂದಲೇ ಬೆಳೆಸಿಕೊಳ್ಳಲಿ.