ಪಾದಚುಂಬನದ ಷರತ್ತು

1991ರಲ್ಲಿ ಸೋಮಾಲಿಯದ ಅಂತರ್ಯುದ್ಧದ ನಡುವೆ ಸಿಕ್ಕಿಬಿದ್ದ ಉತ್ತರ ಹಾಗೂ ದಕ್ಷಿಣ ಕೊರಿಯಗಳ ರಾಯಭಾರಿಗಳು, ಹಗೆಯನ್ನು ಬದಿಗಿರಿಸಿ ಒಟ್ಟಾಗಿ ಪಾರಾದ ಕಥೆಯನ್ನು ಕೊರಿಯದವರು 2021ರಲ್ಲಿ ಚಲನಚಿತ್ರವಾಗಿಸಿದರು. ರಾಯಭಾರ, ಸಂಗ್ರಾಮ, ಜೀವಭಯ ಮೂರೂ ಬೆರೆತ ಕಥೆಗೆ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಯಾಪಲದಿನ್ನಿಯಿಂದ ಮುದಗಲ್ಲಿನವರೆಗೆ ಕೃಷ್ಣೆ-ತುಂಗಭದ್ರೆಗಳ ನಡುವೆ ಹರಡಿದ ಎಡೆದೊರೆ ನಾಡೇ 1520ರಲ್ಲಿ ಅಂಥ ನಾಟಕದ ರಂಗಸ್ಥಳವಾಗಿತ್ತು.

ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಂತೆ, ಜಗಳ ಹುಟ್ಟಿದ್ದೂ ಕುದುರೆಯಿಂದಲೇ. ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಕೃಷ್ಣದೇವರಾಯನು 40,000 ಹೊನ್ನು ಕೊಟ್ಟು ಕಳುಹಿದ ಸೈಯದ್ ಮರಕ್ಕಾರನು ಹಣದೊಡನೆ ಬಿಜಾಪುರದ ಆಶ್ರಯ ಸೇರಿದನು. ರಾಯನು ಅವನನ್ನು ಒಪ್ಪಿಸೆಂದು ಬರೆದನು. ಪ್ರವಾದಿಯ ವಂಶಜನನ್ನು ಒಪ್ಪಿಸಲಾಗದೆಂದು ಇಸ್ಮಾಯಿಲ್ ಆದಿಲಶಾಹನ ಆಸ್ಥಾನ ತೀರ್ಮಾನಿಸಿತು. ದಂಡು ರಾಯಚೂರಿಗೆ ನಡೆಯಿತು.

ಅದರ ಆನೆ ಕುದುರೆಗಳ ಲೆಕ್ಕವನ್ನು ನಂಬುವುದು ಕಷ್ಟ, ಬಿಟ್ಟುಬಿಡೋಣ. ಮೇ ತಿಂಗಳಲ್ಲಿ ಆದಿಲಶಾಹನು ಕೃಷ್ಣೆಯನ್ನು ದಾಟಿ ಬಂದನು. ಅವನ ಫಿರಂಗಿಗಳ ಹೊಡೆತಕ್ಕೆ ರಾಯನ ಮುಂಚೂಣಿ ಚದರಿತು. ಆಗ ರಾಯನು ತನ್ನ ಉಂಗುರವನ್ನು ಸೇವಕನೊಬ್ಬನ ಕೈಗಿತ್ತು, ತಾನು ಮಡಿದ ಗುರುತಾಗಿ ರಾಣಿಯರಿಗೆ ತೋರಿಸೆಂದು ಹೇಳಿ ಕುದುರೆ ಏರಿದನು. ಸೋತಿದ್ದ ಯುದ್ಧ ಅಲ್ಲಿಂದ ತಿರುಗಿತು. ಓಡಿದವರಲ್ಲಿ ಅನೇಕರನ್ನು ಕೃಷ್ಣೆ ನುಂಗಿದಳು. ಆದಿಲಶಾಹನು ಆನೆಯೇರಿ ಪಾರಾದನು. ಸೇನಾನಿ ಸಲಾಬತ್ ಖಾನನು ಸೆರೆ ಸಿಕ್ಕನು. ಬಳಿಕ ಇಪ್ಪತ್ತು ಮಂದಿ ಪೋರ್ಚುಗೀಸರ ಕೋವಿಗಳ ಆಸರೆಯಲ್ಲಿ ರಾಯಚೂರು ಕೋಟೆಯೂ ಕೈವಶವಾಯಿತು.

ಇನ್ನು ರಾಯಭಾರದ ಸರದಿ. ಬಿಜಾಪುರದ ದೂತನನ್ನು ವಿಜಯನಗರದಲ್ಲಿ ಒಂದು ತಿಂಗಳು ಕಾಯಿಸಲಾಯಿತು. ಕೊನೆಗೆ ಸಿಕ್ಕ ಉತ್ತರ: ಆದಿಲಶಾಹನು ಬಂದು ತನ್ನ ಪಾದವನ್ನು ಚುಂಬಿಸಿದರೆ ಗೆದ್ದದ್ದೆಲ್ಲವನ್ನೂ ಹಿಂದಿರುಗಿಸುವೆನು! ಗೆದ್ದವನ ಗರ್ವಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಮುದಗಲ್ಲಿನ ಗಡಿಯಲ್ಲಿ ಭೇಟಿಯೆಂದು ಗೊತ್ತಾಯಿತು. ಆದಿಲಶಾಹನು ಬರಲಿಲ್ಲ. ರಾಯನು ಬಿಜಾಪುರದವರೆಗೂ ದಂಡೆತ್ತಿ ಹೋದನು.

ಆಮೇಲೆ ಅಸದ್ ಖಾನನು ಬಂದನು. ರಣದಿಂದ ಆದಿಲಶಾಹನನ್ನು ಪಾರುಮಾಡಿದ್ದವನು ಅವನೇ. ತನ್ನ ಒಡೆಯನಿಗೆ ಬರಬೇಡವೆಂದು ಗುಟ್ಟಾಗಿ ಬರೆದು ತಡೆದವನು ಸೆರೆಯಲ್ಲಿದ್ದ ಸಲಾಬತ್ ಖಾನನೇ ಎಂದು ರಾಯನ ಕಿವಿಯಲ್ಲಿ ಹೇಳಿದನು. ರಾಯನು ನಂಬಿದನು, ಸಲಾಬತ್ ಖಾನನ ಶಿರಚ್ಛೇದಕ್ಕೆ ಆಜ್ಞೆ ಹೊರಟಿತು. ಆ ಸುದ್ದಿ ಮುಟ್ಟಿದೊಡನೆಯೇ ಅಸದ್ ಖಾನನು ಯಾರಿಗೂ ಹೇಳದೆ ಪಾಳೆಯದಿಂದ ಮಾಯವಾದನು.