ಅನ್ನದ ಋಣಕ್ಕೆ ಮೌನವೇ ಬಡ್ಡಿ?

ಯುಪಿಎಸ್‌ಸಿ ಅಧಿಸೂಚನೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ನಮ್ಮಲ್ಲಿ ಕಡಿಮೆ. ವಯೋಮಿತಿ, ಶುಲ್ಕ, ಕೊನೆಯ ದಿನಾಂಕ ನೋಡಿಕೊಂಡು ಅರ್ಜಿ ತುಂಬಿಬಿಡುತ್ತೇವೆ. ನಾಗರಿಕ ಸೇವಾ ಪರೀಕ್ಷೆಯ ಅಧಿಸೂಚನೆಯಲ್ಲಿ ‘ರಾಷ್ಟ್ರೀಯತೆ’ ಎಂಬ ಭಾಗವೊಂದಿದೆ. ಭಾರತದಲ್ಲಿ ಕಾಯಂ ಆಗಿ ನೆಲೆಸುವ ಉದ್ದೇಶದಿಂದ 1962ರ ಜನವರಿ 1ಕ್ಕೆ ಮೊದಲು ಬಂದ ಟಿಬೆಟ್ ನಿರಾಶ್ರಿತರೂ ಕೆಲವು ಸೇವೆಗಳಿಗೆ ಅರ್ಹರು ಎಂದು ಅಲ್ಲಿ ಬರೆದಿದೆ. ಹಾಗೆ ಬಂದವರಿಗೆ ಈಗ 60 ದಾಟಿದೆ. ಸಾಮಾನ್ಯ ವರ್ಗದವರಿಗೆ ಪರೀಕ್ಷೆಯ ಗರಿಷ್ಠ ವಯಸ್ಸು 32! ಅದರ ಕೆಳಗೇ ಇನ್ನೊಂದು ಮಾತಿದೆ: ಇವರು ವಿದೇಶಾಂಗ ಸೇವೆಗೆ ಸೇರುವಂತಿಲ್ಲ.

ಇದನ್ನು ನನಗೆ ತೋರಿಸಿದವಳು ನನ್ನ ಸಹಪಾಠಿ, ಬೈಲಕುಪ್ಪೆ ಕ್ಯಾಂಪಿನ ಹುಡುಗಿ. ‘ನಿಮ್ಮ ವಿದೇಶಾಂಗ ನೀತಿಯಲ್ಲಿ ನಮ್ಮ ಊರು ಯಾವಾಗಲೂ ಇರುತ್ತೆ ಕಣೇ, ನಾವು ಮಾತ್ರ ಇರೋ ಹಾಗಿಲ್ಲ’ ಎಂದು ನಕ್ಕಳು. ಅವಳದ್ದು ಬರಿಯ ತಮಾಷೆಯಲ್ಲ. ನಮ್ಮ ಪಕ್ಕದಲ್ಲೇ ಬದುಕುತ್ತಿರುವ ಒಂದು ಸಮುದಾಯ ಆರು ದಶಕಗಳಿಂದ ಕೇಳುತ್ತಿರುವ ಪ್ರಶ್ನೆ ಅದರಲ್ಲಿದೆ.

ಪಿರಿಯಾಪಟ್ಟಣ ತಾಲ್ಲೂಕಿನ ನಮಗೆ ಟಿಬೆಟಿಯನ್ನರು ಹೊಸಬರಲ್ಲ. 60ರ ದಶಕದ ಆರಂಭದಲ್ಲಿ ಅವರಿಗೆ ಇಲ್ಲಿ ಜಮೀನು ಸಿಕ್ಕಿತು. ಕಾಡು ಕಡಿದು, ಆನೆ ಕಾಟ ಸಹಿಸಿ, ಜೋಳ ಬೆಳೆದರು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದಲ್ಲೂ ಶಿಬಿರಗಳಾದವು. ನಾವು ‘ಗೋಲ್ಡನ್ ಟೆಂಪಲ್’ ನೋಡಲು ಹೋಗುತ್ತೇವೆ, ಮೊಮೊ ತಿನ್ನುತ್ತೇವೆ, ಚಳಿಗಾಲದಲ್ಲಿ ಅವರ ಹತ್ತಿರ ಸ್ವೆಟರ್ ಕೊಳ್ಳುತ್ತೇವೆ. ಮಾರ್ಚ್ 10ರಂದು ಅವರು ಯಾಕೆ ಸೇರುತ್ತಾರೆ ಎಂದು ಕೇಳುವುದು ಅಪರೂಪ. 1959ರ ಆ ದಿನ ಲಾಸಾದಲ್ಲಿ ಜನ ಚೀನಾದ ಆಡಳಿತದ ವಿರುದ್ಧ ಎದ್ದಿದ್ದರು. ಅದೇ ತಿಂಗಳು ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು.

ಭಾರತಕ್ಕೆ, ಕರ್ನಾಟಕಕ್ಕೆ ಧನ್ಯವಾದ ಹೇಳುವುದನ್ನು ಅವರು ಮರೆಯುವುದಿಲ್ಲ. ಆ ಧನ್ಯವಾದದ ಜತೆಗೇ ಭಾರತದ ನೀತಿಯ ಬಗ್ಗೆ ಅವರ ತಕರಾರುಗಳೂ ಇವೆ. ಗೆಳತಿಯ ಮನೆಯಲ್ಲಿ ಹಿರಿಯರ ಮಾತು ಕೇಳುತ್ತಾ, ಬಳಿಕ ಗ್ರಂಥಾಲಯದಲ್ಲಿ ಹುಡುಕುತ್ತಾ ಹೋದಂತೆ ನನಗೆ ಒಂದು ವಿಷಯ ಕಂಡಿತು. ಅವರ ಟೀಕೆಯಲ್ಲಿ ಬೈಗುಳ ಕಡಿಮೆ, ದಿನಾಂಕ ಜಾಸ್ತಿ.

ಮೊದಲನೆಯದು ಪಂಚಶೀಲ. ನಾವೆಲ್ಲ ಹೈಸ್ಕೂಲಿನಲ್ಲಿ ಐದು ತತ್ವಗಳನ್ನು ಬಾಯಿಪಾಠ ಮಾಡಿದವರೇ. ಅವು ಮೊದಲು ದಾಖಲಾದದ್ದು 1954ರ ಏಪ್ರಿಲ್ 29ರ ಒಪ್ಪಂದದಲ್ಲಿ. ಅದು ಭಾರತ ಮತ್ತು ‘ಚೀನಾದ ಟಿಬೆಟ್ ಪ್ರದೇಶ’ದ ನಡುವಿನ ವ್ಯಾಪಾರ, ಸಂಚಾರಕ್ಕೆ ಸಂಬಂಧಿಸಿದ್ದು. ಟಿಬೆಟ್‌ನ ಯಾತುಂಗ್ ಮತ್ತು ಗ್ಯಾಂತ್ಸೆಯಲ್ಲಿದ್ದ ಸೈನಿಕ ತುಕಡಿಯನ್ನು ಭಾರತ ಹಿಂದಕ್ಕೆ ಕರೆಸಿಕೊಂಡಿತು, ಅಂಚೆ-ತಂತಿ ವ್ಯವಸ್ಥೆಯನ್ನು ಬಿಟ್ಟುಕೊಟ್ಟಿತು. ಒಪ್ಪಂದದಲ್ಲಿ ಟಿಬೆಟಿಯನ್ನರ ಸಹಿ ಇರಲಿಲ್ಲ. 1962ರಲ್ಲಿ ಅದರ ಅವಧಿ ಮುಗಿಯಿತು, ಕೆಲವೇ ತಿಂಗಳಲ್ಲಿ ಯುದ್ಧ ಬಂತು. ‘ನಮ್ಮನ್ನು ಬಿಟ್ಟುಕೊಟ್ಟು ನಿಮಗೇನು ಸಿಕ್ಕಿತು?’ ಎಂಬುದು ಹಿರಿಯರ ಪ್ರಶ್ನೆ.

ಎರಡನೆಯದು ವಿಶ್ವಸಂಸ್ಥೆ. 1950ರಲ್ಲಿ ಟಿಬೆಟ್ ವಿಷಯವನ್ನು ಅಲ್ಲಿ ಎತ್ತಿದ್ದು ದೂರದ ಪುಟ್ಟ ದೇಶ ಎಲ್ ಸಾಲ್ವಡಾರ್. ಚರ್ಚೆ ಮುಂದೂಡುವುದೇ ಒಳ್ಳೆಯದು ಎಂದ ದೇಶಗಳಲ್ಲಿ ನಮ್ಮದೂ ಇತ್ತು. 1959ರ ನಿರ್ಣಯದ ವೇಳೆ ಭಾರತ ಮತದಾನದಿಂದ ದೂರ ಉಳಿಯಿತು. 1965ರಲ್ಲಿ, ಅಂದರೆ ಚೀನಾದೊಂದಿಗೆ ಯುದ್ಧವಾದ ಮೇಲೆ, ನಿರ್ಣಯದ ಪರ ಮತ ಹಾಕಿತು.

ಮೂರನೆಯದು ಗಡಿಯದ್ದು. ಅರುಣಾಚಲ ಪ್ರದೇಶದಲ್ಲಿ ನಾವು ಗಡಿ ಎಂದು ಹೇಳುವ ಮ್ಯಾಕ್‌ಮಹೊನ್ ರೇಖೆ 1914ರಲ್ಲಿ ಬ್ರಿಟಿಷ್ ಭಾರತ ಮತ್ತು ಟಿಬೆಟ್ ನಡುವೆ ನಿಗದಿಯಾದದ್ದು. ಟಿಬೆಟ್‌ಗೆ ಸಹಿ ಹಾಕುವ ಅಧಿಕಾರವೇ ಇರಲಿಲ್ಲ ಎಂದು ಚೀನಾ ವಾದಿಸುತ್ತದೆ. ಟಿಬೆಟ್ ಮೊದಲಿನಿಂದಲೂ ಚೀನಾದ ಭಾಗವೆಂದು ಒಪ್ಪಿದರೆ ಭಾರತದ ವಾದವೇ ದುರ್ಬಲವಾಗುವುದಿಲ್ಲವೇ ಎಂದು ಟಿಬೆಟಿಯನ್ನರು ಕೇಳುತ್ತಾರೆ. ಅವರು ಕರುಣೆ ಬೇಡುತ್ತಿಲ್ಲ, ನಮ್ಮ ಹಿತಾಸಕ್ತಿಯ ಭಾಷೆಯಲ್ಲೇ ನಮ್ಮೊಂದಿಗೆ ಮಾತನಾಡುತ್ತಿದ್ದಾರೆ.

ಹೊಸ ತಲೆಮಾರಿಗೆ ಇನ್ನೂ ಹತ್ತಿರದ ನೆನಪುಗಳಿವೆ. 2003ರಲ್ಲಿ ಪ್ರಧಾನಿ ವಾಜಪೇಯಿ ಅವರ ಬೀಜಿಂಗ್ ಭೇಟಿಯ ಘೋಷಣೆಯಲ್ಲಿ ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗವೆಂದು ಭಾರತ ಒಪ್ಪಿತು. 2014ರಲ್ಲಿ ಪ್ರಧಾನಿ ಮೋದಿ ಅವರ ಪ್ರಮಾಣವಚನಕ್ಕೆ ದೇಶಭ್ರಷ್ಟ ಟಿಬೆಟ್ ಆಡಳಿತದ ಮುಖ್ಯಸ್ಥರಾಗಿದ್ದ ಲೊಬ್ಸಾಂಗ್ ಸಾಂಗೆ ಅವರಿಗೆ ಆಹ್ವಾನ ಬಂತು. 2018ರಲ್ಲಿ ಟಿಬೆಟಿಯನ್ನರು ‘ಥ್ಯಾಂಕ್ ಯೂ ಇಂಡಿಯಾ’ ಎಂದು ಕಾರ್ಯಕ್ರಮ ಇಟ್ಟುಕೊಂಡಾಗ, ಹಿರಿಯ ನಾಯಕರೂ ಅಧಿಕಾರಿಗಳೂ ಅದರಿಂದ ದೂರವಿರಬೇಕೆಂಬ ಸರ್ಕಾರಿ ಟಿಪ್ಪಣಿ ಸುದ್ದಿಯಾಯಿತು. ದೆಹಲಿಯಲ್ಲಿ ಆಗಬೇಕಿದ್ದ ಕಾರ್ಯಕ್ರಮ ಧರ್ಮಶಾಲಾಕ್ಕೆ ಹೋಯಿತು. 2020ರಲ್ಲಿ ಲಡಾಖಿನ ಪಾಂಗಾಂಗ್ ಸರೋವರದ ಬಳಿ ನೆಲಬಾಂಬಿಗೆ ಬಲಿಯಾದ ಯೋಧ ನ್ಯೀಮಾ ತೆಂಜಿನ್, ಟಿಬೆಟಿಯನ್ನರೇ ಹೆಚ್ಚಾಗಿರುವ ನಮ್ಮ ವಿಶೇಷ ಗಡಿ ಪಡೆಯವರು. ಬಿಜೆಪಿ ನಾಯಕ ರಾಮ್ ಮಾಧವ್ ಅವರ ಅಂತ್ಯಕ್ರಿಯೆಗೆ ಹೋಗಿ ಟ್ವೀಟ್ ಮಾಡಿದರು, ನಂತರ ಅದನ್ನು ಅಳಿಸಿದರು. ಪಕ್ಷ ಯಾವುದೇ ಇರಲಿ, ಚೀನಾದೊಂದಿಗೆ ಸಂಬಂಧ ಕೆಟ್ಟಾಗ ನಾವು ನೆನಪಾಗುತ್ತೇವೆ, ಸರಿಯಾದಾಗ ಮರೆತುಹೋಗುತ್ತೇವೆ ಎಂಬುದು ಅವರ ದೂರು.

ಸರ್ಕಾರಕ್ಕೂ ಅದರದೇ ಕಾರಣಗಳಿವೆ. ಸಾವಿರಾರು ಕಿಲೋಮೀಟರ್ ಉದ್ದದ, ಇನ್ನೂ ಇತ್ಯರ್ಥವಾಗದ ಗಡಿ. ಗಾಲ್ವಾನ್‌ನಲ್ಲಿ 20 ಯೋಧರನ್ನು ಕಳೆದುಕೊಂಡ ನೋವು. ನಮಗಿಂತ ದೊಡ್ಡ ಆರ್ಥಿಕತೆಯ ನೆರೆದೇಶ. ಇವೆಲ್ಲ ಇರುವಾಗ ವಿದೇಶಾಂಗ ಸಚಿವಾಲಯ ಅಳೆದು ತೂಗಿ ಮಾತಾಡುವುದು ಸಹಜ. ಗೆಳತಿಯ ತಂದೆಯೂ ಅದನ್ನು ಒಪ್ಪುತ್ತಾರೆ. ಬೇರೆ ದೇಶಗಳ ಮೇಲೂ ಅವರ ಬಳಿ ಪಟ್ಟಿಯಿದೆ. 50-60ರ ದಶಕದಲ್ಲಿ ಟಿಬೆಟಿಯನ್ ಗೆರಿಲ್ಲಾಗಳಿಗೆ ಬಂದೂಕು, ತರಬೇತಿ ಕೊಟ್ಟ ಅಮೆರಿಕದ ಸಿಐಎ, ಅಮೆರಿಕ ಚೀನಾದತ್ತ ಕೈಚಾಚುವ ಹೊತ್ತಿಗೆ ನೆರವು ನಿಲ್ಲಿಸಿತು. ಬ್ರಿಟನ್ 2008ರಲ್ಲಿ ತನ್ನ ಹಳೆಯ ನಿಲುವು ಬಿಟ್ಟು ಟಿಬೆಟ್ ಚೀನಾದ ಭಾಗವೆಂದು ಹೇಳಿತು.

ಅವರೊಳಗೂ ಒಮ್ಮತವಿಲ್ಲ. ದಲೈ ಲಾಮಾ ಅವರ ‘ಮಧ್ಯಮ ಮಾರ್ಗ’ ಸ್ವಾತಂತ್ರ್ಯ ಕೇಳುವುದಿಲ್ಲ, ಚೀನಾದೊಳಗೇ ನಿಜವಾದ ಸ್ವಾಯತ್ತತೆ ಕೇಳುತ್ತದೆ. 1970ರಲ್ಲಿ ಹುಟ್ಟಿದ ಟಿಬೆಟಿಯನ್ ಯೂತ್ ಕಾಂಗ್ರೆಸ್‌ಗೆ ಬೇಕಿರುವುದು ‘ರಂಗ್‌ಜೆನ್’, ಅಂದರೆ ಪೂರ್ಣ ಸ್ವಾತಂತ್ರ್ಯ. 2021ರಲ್ಲಿ ದೇಶಭ್ರಷ್ಟ ಆಡಳಿತದ ಮುಖ್ಯಸ್ಥರಾಗಿ ಚುನಾಯಿತರಾದ ಪೆನ್ಪಾ ತ್ಸೆರಿಂಗ್ ಹುಟ್ಟಿದ್ದು ನಮ್ಮ ಬೈಲಕುಪ್ಪೆಯಲ್ಲೇ!

ಇಷ್ಟೆಲ್ಲ ಹೇಳುವುದಕ್ಕೆ ಅವರು ತೆರುವ ಬೆಲೆ ಕಡಿಮೆಯದ್ದಲ್ಲ. 2005ರಲ್ಲಿ ಚೀನಾದ ಪ್ರಧಾನಿ ವೆನ್ ಜಿಯಾಬಾವೊ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದಾಗ, ಕವಿ ತೆಂಜಿನ್ ತ್ಸುಂಡೂ ಮುಖ್ಯ ಕಟ್ಟಡದ ಗೋಪುರ ಏರಿ ‘ಫ್ರೀ ಟಿಬೆಟ್’ ಬ್ಯಾನರ್ ಬಿಚ್ಚಿ ಬಂಧನಕ್ಕೊಳಗಾದರು. 2019ರಲ್ಲಿ ಷಿ ಜಿನ್‌ಪಿಂಗ್ ಮಾಮಲ್ಲಪುರಕ್ಕೆ ಬರುವಾಗ ಚೆನ್ನೈನಲ್ಲಿ ಟಿಬೆಟಿಯನ್ ವಿದ್ಯಾರ್ಥಿಗಳನ್ನು ಪೊಲೀಸರು ವಶಕ್ಕೆ ಪಡೆದರು. ಕಾನೂನಿನ ಕಣ್ಣಲ್ಲಿ ಇವರಲ್ಲಿ ಹೆಚ್ಚಿನವರು ವಿದೇಶಿಯರು. ನೋಂದಣಿ ಪ್ರಮಾಣಪತ್ರವನ್ನು ನಿಗದಿತ ಅವಧಿಗೊಮ್ಮೆ ನವೀಕರಿಸುತ್ತಲೇ ಇರಬೇಕು. ಕೇಸು ಬಿದ್ದರೆ ಆ ಕಾಗದಕ್ಕೆ ಏನಾಗುತ್ತದೋ ಎಂಬ ಭಯ ಮನೆಯಲ್ಲಿ ಇದ್ದೇ ಇರುತ್ತದೆ.

1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಪ್ರಜೆಗಳು. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿವೆ. ಹಾಗಿದ್ದೂ ಪಾಸ್‌ಪೋರ್ಟ್ ತೆಗೆದುಕೊಳ್ಳದವರು ಬಹಳ. ‘ತೆಗೆದುಕೊಂಡರೆ ನೌಕರಿ ಸಿಗಬಹುದು. ಆದರೆ ನಾವೆಲ್ಲ ಭಾರತೀಯರಾದ ಮೇಲೆ ಟಿಬೆಟ್ ಕೇಳುವವರು ಯಾರು?’ ಎನ್ನುತ್ತಾಳೆ ಗೆಳತಿ. ಅವಳ ಅಣ್ಣ ಈಗಾಗಲೇ ಕೆನಡಾ ಸೇರಿದ್ದಾನೆ. ಕ್ಯಾಂಪಿನ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ.

ಸಮಯವೂ ಹೆಚ್ಚಿಲ್ಲ. 2025ರ ಜುಲೈನಲ್ಲಿ ದಲೈ ಲಾಮಾ ಅವರಿಗೆ 90 ತುಂಬಿತು. ತಮ್ಮ ಪರಂಪರೆ ಮುಂದುವರಿಯುತ್ತದೆ, ಮುಂದಿನ ದಲೈ ಲಾಮಾ ಯಾರೆಂದು ಗುರುತಿಸುವ ಅಧಿಕಾರ ತಮ್ಮ ಗಾದೆನ್ ಫೋಡ್ರಾಂಗ್ ಟ್ರಸ್ಟಿಗೆ ಮಾತ್ರ ಎಂದು ಅವರು ಪ್ರಕಟಿಸಿದರು. ತನ್ನ ಒಪ್ಪಿಗೆ ಬೇಕೇ ಬೇಕು ಎಂದು ಚೀನಾ ಪಟ್ಟು ಹಿಡಿದಿದೆ. ನಂಬಿಕೆಯ ವಿಷಯಗಳಲ್ಲಿ ತಾನು ನಿಲುವು ತಳೆಯುವುದಿಲ್ಲ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹೇಳಿತು. ಮುಂದೊಂದು ದಿನ ಇಬ್ಬರು ದಲೈ ಲಾಮಾಗಳು ಕಾಣಿಸಿಕೊಂಡರೆ ಆಗಲೂ ಇದೇ ಉತ್ತರ ಸಾಕೇ?

‘ನಿಮಗೆ ಜಾಗ ಕೊಟ್ಟಿದ್ದೇವೆ, ಸುಮ್ಮನಿರಿ’ ಎಂದು ಅವರಿಗೆ ಹೇಳುವವರನ್ನು ನಾನು ಕಂಡಿದ್ದೇನೆ. ಉಪಕಾರ ಮಾಡಿದವನನ್ನು ಪ್ರಶ್ನಿಸಬಾರದು ಎಂದಾದರೆ ಫೀಸು ಕಟ್ಟಿದ ಅಪ್ಪನನ್ನೂ ನಾವು ಏನೂ ಕೇಳುವಂತಿಲ್ಲ. ಋಣ ತೀರಿಸುವ ದಾರಿಗಳಲ್ಲಿ ನಿಜ ಹೇಳುವುದೂ ಒಂದು. ಅವರು ಹಾಗೆ ಹೇಳುತ್ತಾ ಬಂದಿದ್ದಾರೆ. ಅವರಲ್ಲಿ ಅನೇಕರಿಗೆ ನಮ್ಮ ಲೋಕಸಭಾ ಚುನಾವಣೆಯಲ್ಲಿ ಮತವಿಲ್ಲದಿದ್ದರೂ ಹೇಳಿದ್ದಾರೆ. ಮತವಿರುವ ನಾವು ವಿದೇಶಾಂಗ ನೀತಿಯನ್ನು ಪರೀಕ್ಷೆಗೆ ಬರುವ ಐದು ಅಂಕದ ಪ್ರಶ್ನೆಯಾಗಿ ಮಾತ್ರ ಓದುತ್ತಿದ್ದೇವೆ. ಮುಂದಿನ ಸಲ ಪಂಚಶೀಲ ತತ್ವಗಳನ್ನು ಓದುವಾಗ ಆ ಒಪ್ಪಂದದ ಪೂರ್ಣ ಹೆಸರನ್ನೂ ಓದೋಣ. ಸಂಸದರು ನಮ್ಮೂರಿಗೆ ಬಂದಾಗ ರಸ್ತೆ, ನೀರಿನ ಜತೆಗೆ ಕ್ಯಾಂಪಿನ ಹುಡುಗ-ಹುಡುಗಿಯರ ಭವಿಷ್ಯದ ಬಗ್ಗೆ ದೆಹಲಿ ಏನು ಯೋಚಿಸಿದೆ ಎಂದೂ ಕೇಳೋಣ. ನಾವು ಕೇಳಿದರೆ ನಮ್ಮ ಕಾಗದಪತ್ರಕ್ಕೆ ಯಾವ ಅಪಾಯವೂ ಇಲ್ಲವಲ್ಲ.